ತಪ್ಪಿ ಒತ್ತಿದರೆ ಏನಾಗುತ್ತದೆ?

ಮೊಬೈಲ್ ಆಪ್ ವಿನ್ಯಾಸದ ಮಾತು ಬಂದಾಗ ಜನ ವಯಸ್ಸನ್ನು ಬರೀ ಕಣ್ಣಿನ ಲೆಕ್ಕದಲ್ಲಿ ನೋಡುತ್ತಾರೆ. ಮಕ್ಕಳಿಗೆ ಬಣ್ಣ ಜಾಸ್ತಿ ಹಾಕಿ, ವಯಸ್ಸಾದವರಿಗೆ ಅಕ್ಷರ ದೊಡ್ಡದು ಮಾಡಿ, ಕಾಲೇಜು ಹುಡುಗರಿಗೆ ಕಪ್ಪು ಹಿನ್ನೆಲೆ ಕೊಡಿ, ಮುಗೀತು ಅನ್ನುತ್ತಾರೆ. ಕಲಬುರಗಿಯಲ್ಲಿ ಕೂತು ಇದೇ ಕೆಲಸ ಮಾಡುವ ನನಗೆ ಬೇರೆಯೇ ಕಾಣುತ್ತದೆ. ವಯಸ್ಸಿನಿಂದ ವಯಸ್ಸಿಗೆ ಎಲ್ಲಕ್ಕಿಂತ ಜಾಸ್ತಿ ಬದಲಾಗುವುದು ಒಂದು ಪ್ರಶ್ನೆಗೆ ಸಿಗುವ ಉತ್ತರ: ತಪ್ಪಿ ಒತ್ತಿದರೆ ಏನಾಗುತ್ತದೆ? ಆರು ವರ್ಷದ ಮಗುವಿಗೆ ಆ ಪ್ರಶ್ನೆಯೇ ಹೊಳೆಯುವುದಿಲ್ಲ. ಇಪ್ಪತ್ತರ ಹುಡುಗ ಏನಾದರೂ ಮಾಡಿ ಸರಿ ಮಾಡಿಕೊಳ್ಳುತ್ತೇನೆ ಅನ್ನುವ ಧೈರ್ಯದಲ್ಲಿ ಏನನ್ನೂ ಓದುವುದಿಲ್ಲ. ಅರವತ್ತು ದಾಟಿದವರು ಆ ಪ್ರಶ್ನೆಯ ಮುಂದೆಯೇ ನಿಂತುಬಿಡುತ್ತಾರೆ. ಬೆರಳು ಪರದೆಯ ತನಕ ಬರುತ್ತದೆ, ಒತ್ತುವುದಿಲ್ಲ.

ನಮ್ಮದು ಸಣ್ಣ ತಂಡ. ಇಬ್ಬರು ಕೋಡ್ ಬರೆಯುತ್ತಾರೆ. ವಿನ್ಯಾಸವೂ ಪರೀಕ್ಷೆಯೂ ನನ್ನ ಪಾಲಿಗೆ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಕೈಗೆ ಬಂದ ದೊಡ್ಡ ಕೆಲಸ ಅಂದರೆ ಇಲ್ಲಿನ ಧಾನ್ಯದ ಮಾರುಕಟ್ಟೆ, ಗಂಜ್‌ನ ಒಂದು ಅಡತ್ ಅಂಗಡಿಯ (ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ ಅಂಗಡಿಯ) ಆಪ್. ಕಲಬುರಗಿ ತೊಗರಿಯ ಊರು ಅಂತ ಹೊರಗಿನವರಿಗೂ ಗೊತ್ತು. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ರೈತರು ಮಾಲು ತಂದು ಹಾಕುತ್ತಾರೆ. ಎಷ್ಟು ಚೀಲ, ಎಷ್ಟು ತೂಕ, ಏನು ದರ, ಹಮಾಲಿ ಎಷ್ಟು ಕಳೆದರು, ಕೈಗೆ ಬರುವುದೆಷ್ಟು ಅನ್ನುವುದೆಲ್ಲ ಒಂದು ಚೀಟಿಯಲ್ಲಿ ಇರುತ್ತದೆ. ಆ ಚೀಟಿ ಫೋನಿನಲ್ಲೂ ಬರಬೇಕು. ಕೆಲಸ ಇಷ್ಟೇ. ಬಳಸುವವರು ಮಾತ್ರ ಒಂದೇ ಥರದವರಲ್ಲ. ಎಪ್ಪತ್ತರ ರೈತ, ಅವರ ಮಗ, ಡಿಗ್ರಿ ಓದುವ ಮೊಮ್ಮಗಳು, ಅಂಗಡಿಯ ಗುಮಾಸ್ತ. ಜೊತೆಗೆ ಸಣ್ಣ ಮಕ್ಕಳಿಗೆ ಕನ್ನಡ ಓದಿಸುವ ಇನ್ನೊಂದು ಆಪ್‌ನ ಕೆಲಸವೂ ನಡೀತಾ ಇತ್ತು. ಬೆಳಿಗ್ಗೆ ಗಂಜ್, ಸಂಜೆ ನಮ್ಮ ಓಣಿಯ ಮಕ್ಕಳು. ಎರಡನ್ನೂ ಒಂದೇ ದಿನ ನೋಡುವಾಗಲೇ ಈ ತಪ್ಪಿನ ವಿಚಾರ ನನಗೆ ಸ್ಪಷ್ಟವಾಗಿದ್ದು.

ಗಂಜ್‌ನಲ್ಲಿ ಕಂಡದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಚೀಲಗಳ ಸಾಲಿನ ಪಕ್ಕ ಒಬ್ಬ ಹಿರಿಯರು ಕೂತಿದ್ದರು. ತಲೆಗೆ ರುಮಾಲು, ಜೇಬಿನಲ್ಲಿ ಕನ್ನಡಕ. ಕನ್ನಡಕ ತೆಗೆದು ಹಾಕಿಕೊಳ್ಳಲಿಲ್ಲ, ಫೋನನ್ನೇ ದೂರ ಹಿಡಿದರು. ‘ಕಾಕಾ, ಹೋದ ಸಲ ಹಾಕಿದ ಮಾಲಿಂದು ರೊಕ್ಕ ಎಷ್ಟು ಬಂದದ, ತೋರಸ್ರಿ’ ಅಂದೆ. ಅವರು ಸರಿಯಾದ ಬಟನ್ ಮೇಲೇ ಬೆರಳಿಟ್ಟರು. ಆದರೆ ಒತ್ತಿ ಹಿಡಿದರು. ದಿನವೂ ಹಗ್ಗ, ಕುಡುಗೋಲು ಹಿಡಿಯುವ ಕೈ ಅದು. ಬೆರಳ ತುದಿ ಒಣಗಿ ಗಟ್ಟಿಯಾಗಿದೆ. ಇಂಥ ಚರ್ಮದ ಸ್ಪರ್ಶವನ್ನು ಟಚ್ ಪರದೆ ಒಂದೊಂದು ಸಲ ಹಿಡಿಯುವುದೇ ಇಲ್ಲ. ಅದಕ್ಕೇ ಅವರಿಗೆ ಜೋರಾಗಿ, ಹೊತ್ತು ಹಿಡಿದು ಒತ್ತುವ ರೂಢಿ. ಆಂಡ್ರಾಯ್ಡ್‌ನಲ್ಲಿ ಸುಮಾರು ಅರ್ಧ ಸೆಕೆಂಡು ಒತ್ತಿ ಹಿಡಿದರೆ ಅದು ‘ಲಾಂಗ್ ಪ್ರೆಸ್’ ಆಗಿಬಿಡುತ್ತದೆ. ಮೊತ್ತ ತೋರಿಸಬೇಕಾದ ಕಡೆ ‘ಕಾಪಿ, ಶೇರ್’ ಅನ್ನುವ ಸಣ್ಣ ಡಬ್ಬಿ ತೆರೆದುಕೊಂಡಿತು. ಅವರು ತಕ್ಷಣ ಫೋನನ್ನು ನನ್ನ ಕೈಗೆ ಕೊಟ್ಟರು. ‘ಏನರ ಆಯ್ತು ನೋಡು ತಂಗಿ. ರೊಕ್ಕ ಎಲ್ಲಿಗರ ಹೋಯ್ತೇನು?’

ಅಲ್ಲಿ ಹಣ ಕಳಿಸುವ ಬಟನ್ನೇ ಇಲ್ಲ. ಬರೀ ಚೀಟಿ ನೋಡುವ ಪುಟ ಅದು. ಆದರೂ ಅವರಿಗೆ ಬಂದ ಮೊದಲ ಯೋಚನೆ ರೊಕ್ಕ ಹೋಯಿತೇ ಅಂತ. ಯಾಕೆ ಬರಬಾರದು? ಫೋನಿನಲ್ಲಿ ಒಂದು ತಪ್ಪು ಒತ್ತಿದ್ದಕ್ಕೆ ಯಾರದೋ ಖಾತೆ ಖಾಲಿಯಾದ ಸುದ್ದಿ ವಾರಕ್ಕೊಮ್ಮೆ ಕಿವಿಗೆ ಬೀಳುತ್ತದೆ. ಅವರ ಅಂಜಿಕೆ ಸರಿಯಾದ ಅಂಜಿಕೆ. ಅದನ್ನು ‘ವಯಸ್ಸಾದವರಿಗೆ ಟೆಕ್ನಾಲಜಿ ಬರಲ್ಲ’ ಅಂತ ತಳ್ಳಿಹಾಕುವವರ ಜೊತೆ ನನಗೆ ಜಗಳವೇ ಇದೆ. ಒತ್ತುವ ಮೊದಲು ಯೋಚಿಸುವವರು ಅವರು. ನಾವು ಮಾಡಬೇಕಾದ್ದು ಒತ್ತಿದ ಮೇಲೂ ವಾಪಸು ಬರಲು ದಾರಿ ಇದೆ ಅಂತ ಕಣ್ಣಿಗೆ ಕಾಣುವ ಹಾಗೆ ಇಡುವುದು.

ಆ ಚೀಟಿಯ ಪುಟದಲ್ಲಿ ಲಾಂಗ್ ಪ್ರೆಸ್ ಅನ್ನೇ ತೆಗೆದುಹಾಕಿದೆವು. ಎಷ್ಟು ಹೊತ್ತು ಒತ್ತಿದರೂ ಒಂದೇ ಕೆಲಸ. ಎಲ್ಲ ಪುಟದಲ್ಲೂ ಕೆಳಗಡೆ, ಒಂದೇ ಜಾಗದಲ್ಲಿ, ಅಕ್ಷರದಲ್ಲೇ ಬರೆದ ‘ಹಿಂದೆ’ ಅನ್ನುವ ಬಟನ್ ಇಟ್ಟೆವು. ಈಗಿನ ಎಷ್ಟೋ ಫೋನುಗಳಲ್ಲಿ ಹಿಂದೆ ಹೋಗಲು ಪರದೆಯ ಅಂಚಿನಿಂದ ಬೆರಳು ಎಳೆಯಬೇಕು. ಕಾಣದ ದಾರಿ ಅದು. ಮೇಲೆ ಎಡ ಮೂಲೆಯ ಬಾಣದ ಗುರುತು ಕಣ್ಣಿಗೂ ದೂರ, ಹೆಬ್ಬೆರಳಿಗೂ ದೂರ. ಅದರ ಮೇಲೆ ಇಲ್ಲಿ ಸುಮಾರು ಜನ ಫೋನಿಗೆ ದಪ್ಪ ಪೌಚ್ ಹಾಕಿರುತ್ತಾರೆ. ಪೌಚಿನ ಅಂಚು ಪರದೆಯ ಅಂಚನ್ನೇ ಮುಚ್ಚಿರುತ್ತದೆ. ಇದು ಯಾವ ವಿನ್ಯಾಸದ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ, ಗಂಜ್‌ನಲ್ಲಿ ಸಿಕ್ಕಿತು.

ಬಟನ್ ಅಳತೆಗೆ ಗೊತ್ತಾದ ಲೆಕ್ಕಗಳಿವೆ. ಗೂಗಲ್ ತನ್ನ ವಿನ್ಯಾಸದ ಮಾರ್ಗಸೂಚಿಯಲ್ಲಿ ಒತ್ತುವ ಜಾಗ ಕನಿಷ್ಠ 48 ಡಿಪಿ (ಆಂಡ್ರಾಯ್ಡ್ ಪರದೆಯ ಅಳತೆಯ ಮಾನ) ಇರಲಿ ಅನ್ನುತ್ತದೆ. ಪರದೆ ಮೇಲೆ ಅದು ಸುಮಾರು 9 ಮಿಲಿಮೀಟರ್. ಆಪಲ್ ತನ್ನ ಅಳತೆಯಲ್ಲಿ 44 ಪಾಯಿಂಟ್ ಅನ್ನುತ್ತದೆ. ವೆಬ್ ಎಲ್ಲರಿಗೂ ಎಟುಕಬೇಕು ಅಂತ ನಿಯಮ ಮಾಡಿರುವ ಡಬ್ಲ್ಯೂಸಿಎಜಿಯಲ್ಲಿ 2023ರ 2.2 ಆವೃತ್ತಿ 24 ಪಿಕ್ಸೆಲ್ ಅನ್ನು ಕನಿಷ್ಠ ಅಂತ ಇಟ್ಟಿದೆ. ನನ್ನ ಅನಿಸಿಕೆ ಕೇಳಿದರೆ ಹಿರಿಯರ ಆಪ್‌ಗೆ 48 ಕೂಡ ಆರಂಭ ಅಷ್ಟೇ. ಅಳತೆಗಿಂತ ಮುಖ್ಯ ಅಂದರೆ ಎರಡು ಬಟನ್ ನಡುವಿನ ಬಯಲು. ದೊಡ್ಡ ಬಟನ್‌ಗಳನ್ನು ಒತ್ತೊತ್ತಾಗಿ ಇಟ್ಟರೆ ತಪ್ಪುವುದು ಇನ್ನೂ ಜಾಸ್ತಿ. ‘ನೋಡಿ’ ಮತ್ತು ‘ಅಳಿಸಿ’ ಯಾವ ಕಾರಣಕ್ಕೂ ಅಕ್ಕಪಕ್ಕ ಇರಬಾರದು.

ಅಕ್ಷರದ ಬಗ್ಗೆ ಹೇಳುವಾಗ ನಮ್ಮ ಲಿಪಿಯ ವಿಚಾರ ಬಿಡುವ ಹಾಗಿಲ್ಲ. ನಲವತ್ತರ ಆಸುಪಾಸಿನಲ್ಲಿ ಹತ್ತಿರದ್ದು ಮಸುಕಾಗುವುದು ಎಲ್ಲರಿಗೂ ಶುರುವಾಗುತ್ತದೆ. ಕಣ್ಣಿನ ಮಸೂರ ಮೊದಲಿನ ಹಾಗೆ ಬಾಗುವುದಿಲ್ಲ. ಮುಂದೆ ಅದೇ ಮಸೂರ ಹಳದಿಗೆ ತಿರುಗುತ್ತದೆ, ನೀಲಿ-ಹಸಿರಿನ ಭೇದ ಕಡಿಮೆಯಾಗುತ್ತದೆ. ಹಾಗಾಗಿ ಮಗ ಅಪ್ಪನ ಫೋನಿನಲ್ಲಿ ಅಕ್ಷರವನ್ನು ಎಷ್ಟು ದೊಡ್ಡದಾಗುತ್ತದೋ ಅಷ್ಟು ಮಾಡಿಟ್ಟಿರುತ್ತಾನೆ. ಆಂಡ್ರಾಯ್ಡ್ 14ರಲ್ಲಿ 200 ಪ್ರತಿಶತದ ತನಕ ಹೋಗಬಹುದು. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದು ಕಟ್ಟಿದ ಡಬ್ಬಿಯಲ್ಲಿ ಕನ್ನಡ ಕೂರುವುದಿಲ್ಲ. ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ದೊಡ್ಡದು ಮಾಡಿದ ತಕ್ಷಣ ಒತ್ತಕ್ಷರದ ಬಾಲ ಕತ್ತರಿಸಿ ಹೋಗುತ್ತದೆ. ಬಟನ್‌ಗೆ ಎತ್ತರವನ್ನು ಗಟ್ಟಿಯಾಗಿ ಕಟ್ಟಿಹಾಕದೆ ಅಕ್ಷರ ಬೆಳೆದ ಹಾಗೆ ಬೆಳೆಯಲು ಬಿಡಬೇಕು, ಸಾಲಿನ ನಡುವೆ ಉಸಿರಾಡುವಷ್ಟು ಜಾಗ ಕೊಡಬೇಕು. ನಮ್ಮಲ್ಲಿ ಪರೀಕ್ಷೆಗೆ ಇಟ್ಟ ಫೋನುಗಳಲ್ಲಿ ಒಂದು ಯಾವಾಗಲೂ ಕನ್ನಡದಲ್ಲಿ, ಅತಿ ದೊಡ್ಡ ಅಕ್ಷರದಲ್ಲೇ ಇರುತ್ತದೆ. ಹೊಸ ಪುಟ ಮೊದಲು ಅದರಲ್ಲಿ ತೆರೆಯಬೇಕು. ಅದರಲ್ಲಿ ಸರಿ ಬಂದರೆ ಉಳಿದದ್ದು.

ಬಿಸಿಲು ಇನ್ನೊಂದು ಪರೀಕ್ಷೆ. ಡಬ್ಲ್ಯೂಸಿಎಜಿ ಪ್ರಕಾರ ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1 ಇರಬೇಕು. ಬಿಳಿ ಮೇಲೆ ತೆಳು ಬೂದು ಬಣ್ಣದಲ್ಲಿ ಬರೆಯುವ ಫ್ಯಾಶನ್ ಇದೆಯಲ್ಲ, ಅದು ಎಷ್ಟೋ ಸಲ 3 ಕೂಡ ಮುಟ್ಟುವುದಿಲ್ಲ. ಎಸಿ ಕೋಣೆಯಲ್ಲಿ ಅಂದವಾಗಿ ಕಾಣುತ್ತದೆ. ನಮ್ಮ ಮೇ ತಿಂಗಳ ಮಧ್ಯಾಹ್ನ ಅಂಗಡಿಯ ಹೊರಗೆ ನಿಂತು ಅದೇ ಪುಟ ತೆರೆದು ನೋಡಿ. ಫೋನು ಕಾದುಹೋದರೆ ತಾನಾಗಿಯೇ ಬೆಳಕು ಇಳಿಸಿಕೊಳ್ಳುತ್ತದೆ, ಗೊತ್ತಲ್ವಾ? ಯಾವಾಗ ಬೆಳಕು ಬೇಕೋ ಆಗಲೇ ಇರುವುದಿಲ್ಲ. ಹಾಗಾಗಿ ದರ ಮತ್ತು ಮೊತ್ತ ನಮ್ಮಲ್ಲಿ ಅಚ್ಚ ಕಪ್ಪು, ದಪ್ಪ. ಅಂಗಡಿಯವರಿಗೆ ತಮ್ಮ ಬೋರ್ಡಿನ ತಿಳಿ ಹಸಿರೇ ಬೇಕಿತ್ತು. ಅವರನ್ನೇ ಫೋನ್ ಸಮೇತ ಹೊರಗೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಎರಡು ನಿಮಿಷದಲ್ಲಿ ಒಪ್ಪಿದರು.

ಅಂಕಿಯ ವಿಚಾರ ನನಗೆ ಬಹಳ ಪ್ರೀತಿಯದು. ಓದು ಬರಹ ಬಾರದವರೂ ಅಂಕಿ ಓದುತ್ತಾರೆ. ನೋಟು, ತಕ್ಕಡಿ, ಬಸ್ಸಿನ ನಂಬರು ಅವರಿಗೆ ಅಂಕಿ ಕಲಿಸಿವೆ. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಆ ಅಂಕಿಯನ್ನು ಇಲ್ಲಿ ಯಾರಿಗೂ ಓದಿ ಹೇಳಬೇಕಾಗಿಲ್ಲ. ಆದರೆ ಕೋಡ್ ಬರೆಯುವಾಗ ದೇಶದ ಆಯ್ಕೆ ಕೊಡದೆ ಬಿಟ್ಟರೆ ಒಂದು ಲಕ್ಷ ಇಪ್ಪತ್ತೈದು ಸಾವಿರ 125,000 ಅಂತ ಬರುತ್ತದೆ. ನಮ್ಮ ಕಣ್ಣಿಗೆ ರೂಢಿ ಇರುವುದು 1,25,000. ಒಬ್ಬ ಅಮ್ಮ ಆ ಅಂಕಿಯ ಮೇಲೆ ಬೆರಳಿಟ್ಟು ಬಲದಿಂದ ಎಡಕ್ಕೆ ಒಂದೊಂದೇ ಸೊನ್ನೆ ಎಣಿಸಿದರು. ಬಿಡಿ, ಹತ್ತು, ನೂರು ಅಂತ ತುಟಿ ಆಡುತ್ತಿತ್ತು. ಲೆಕ್ಕ ಸರಿ ಬಂತು. ಆದರೂ ಮತ್ತೊಮ್ಮೆ ಎಣಿಸಿದರು. ತಮ್ಮದೇ ದುಡ್ಡನ್ನು ಎರಡೆರಡು ಸಲ ಎಣಿಸಿ ನಂಬುವ ಕಷ್ಟ ಒಂದು ಅಲ್ಪವಿರಾಮದಿಂದ ಬಂದದ್ದು. ಅವತ್ತೇ ಸರಿ ಮಾಡಿಸಿದೆವು.

ಓದಲು ಬಾರದವರಿಗೆ ಅಂತ ಮೊತ್ತವನ್ನು ಫೋನೇ ಓದಿ ಹೇಳುವ ಬಟನ್ ಇಟ್ಟಿದ್ದೆವು. ಕನ್ನಡದಲ್ಲಿ ಓದುವ ದನಿ ಆಂಡ್ರಾಯ್ಡ್‌ನಲ್ಲೇ ಸಿಗುತ್ತದೆ. ಹಿರಿಯರಿಗೆ ಇದು ಇಷ್ಟವಾಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಗಂಜ್‌ನಲ್ಲಿ ಯಾರೂ ಅದನ್ನು ಎರಡನೇ ಸಲ ಒತ್ತಲಿಲ್ಲ. ಕಾರಣ ಸುಲಭ. ಸುತ್ತ ಹತ್ತು ಜನ ಇರುವಾಗ ‘ನಿಮಗೆ ಬಂದ ಮೊತ್ತ ಒಂದು ಲಕ್ಷ’ ಅಂತ ಫೋನು ಕೂಗಿದರೆ ಯಾರಿಗೆ ಇಷ್ಟ? ಸಾಲ ಕೇಳುವವರು ಅಲ್ಲೇ ಇರುತ್ತಾರೆ. ಆದರೆ ವಾಟ್ಸ್ಆಪ್‌ನ ಧ್ವನಿ ಸಂದೇಶ ಬಂದರೆ ಇದೇ ಜನ ಫೋನನ್ನು ಕಿವಿಗೆ ಹಿಡಿದು ಕೇಳುತ್ತಾರೆ. ಕಿವಿಗೆ ಹಿಡಿದರೆ ಅಲ್ಲಿ ದನಿ ಸ್ಪೀಕರ್ ಬಿಟ್ಟು ಕಿವಿಯ ಕಡೆ ಬರುತ್ತದೆ. ನಾವೂ ಹಾಗೇ ಮಾಡಿದೆವು. ಒತ್ತಿದರೆ ಮೊದಲು ‘ಫೋನ್ ಕಿವಿಗೆ ಹಿಡೀರಿ’ ಅಂತಷ್ಟೇ ಹೇಳುತ್ತದೆ. ಮೊತ್ತ ಕಿವಿಯಲ್ಲಿ. ಅದಾದ ಮೇಲೆ ಆ ಬಟನ್‌ಗೆ ಕೈಗಳು ತಾವಾಗಿ ಹೋಗತೊಡಗಿದವು.

ಕಾಲೇಜು ವಯಸ್ಸಿನವರ ಬಗ್ಗೆ ಹೇಳಲು ಇಷ್ಟು ಇಲ್ಲ. ಅವರ ಸಮಸ್ಯೆ ಅವಸರ. ಬಸ್ಸಿನಲ್ಲಿ ನಿಂತು, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಹೆಬ್ಬೆರಳಲ್ಲಿ ಎಲ್ಲ ಮುಗಿಸುತ್ತಾರೆ. ಫೋನಿನಲ್ಲಿ ಜಾಗ ಇರುವುದಿಲ್ಲ, ಆಪ್ ಭಾರವಾದರೆ ಮೊದಲು ತೆಗೆದುಹಾಕುತ್ತಾರೆ. ಆದರೆ ಒಂದು ವಿಷಯ ಅವರಿಂದಲೇ ಕಲಿಯಬೇಕು. ‘ಖಚಿತವಾಗಿ ಅಳಿಸಬೇಕೇ?’ ಅನ್ನುವ ಪ್ರಶ್ನೆ ಬಂದರೆ ಅವರು ಓದದೇ ‘ಹೌದು’ ಒತ್ತುತ್ತಾರೆ. ಹಿರಿಯರು ಅದೇ ಪ್ರಶ್ನೆ ನೋಡಿ ಅಲ್ಲೇ ನಿಂತು ಮಗನನ್ನು ಕಾಯುತ್ತಾರೆ. ‘ಬಿಡು ತಂಗಿ, ಹುಡುಗ ಬಂದ್ ಮ್ಯಾಲ ನೋಡ್ತಾನ.’ ಅಂದರೆ ಆ ಪ್ರಶ್ನೆ ಯಾರನ್ನೂ ಕಾಪಾಡಲಿಲ್ಲ. ಅವಸರದವರನ್ನು ತಡೆಯಲಿಲ್ಲ, ಅಂಜುವವರಿಗೆ ಧೈರ್ಯ ಕೊಡಲಿಲ್ಲ. ನಾನು ಈಗ ಎಲ್ಲ ಕಡೆ ಹೇಳುವುದು ಇದನ್ನೇ: ಮೊದಲೇ ಪ್ರಶ್ನೆ ಕೇಳಬೇಡಿ, ಆಮೇಲೆ ವಾಪಸು ತೆಗೆದುಕೊಳ್ಳಲು ಬಿಡಿ.

ಅಲ್ಲೂ ಒಂದು ಎಡವಟ್ಟಿದೆ. ಸಾಮಾನ್ಯವಾಗಿ ಆಪ್‌ಗಳು ಕೆಲಸ ಮಾಡಿದ ಮೇಲೆ ಕೆಳಗೆ ಒಂದು ಕಪ್ಪು ಪಟ್ಟಿಯಲ್ಲಿ ‘ರದ್ದು ಮಾಡಿ’ ಅಂತ ತೋರಿಸಿ ಮಾಯವಾಗುತ್ತವೆ. ಗೂಗಲ್‌ನ ಮಾರ್ಗಸೂಚಿಯಲ್ಲೇ ಅದರ ಆಯಸ್ಸು 4ರಿಂದ 10 ಸೆಕೆಂಡು. ಇಪ್ಪತ್ತರ ಹುಡುಗಿಗೆ ಅದು ಧಾರಾಳ. ಎಪ್ಪತ್ತರವರು ಮೇಲಿನ ಸಾಲು ಓದಿ ಕೆಳಗೆ ಕಣ್ಣು ತರುವಷ್ಟರಲ್ಲಿ ಪಟ್ಟಿ ಇರುವುದಿಲ್ಲ. ಏನೋ ಬಂದು ಹೋಯಿತು ಅನ್ನುವ ಗಾಬರಿ ಬೇರೆ. ನಮ್ಮ ಗುಮಾಸ್ತರ ಪುಟದಲ್ಲಿ ಈಗ ಆ ದಿನದ ಎಲ್ಲ ನಮೂದುಗಳೂ ಅಂಗಡಿ ಮುಚ್ಚುವ ತನಕ ಪಟ್ಟಿಯಲ್ಲೇ ಇರುತ್ತವೆ, ಪ್ರತಿಯೊಂದರ ಪಕ್ಕ ‘ಬದಲಿಸಿ’ ಅಂತ ಇರುತ್ತದೆ. ಲೆಕ್ಕದ ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಬರೆದು ಸಂಜೆ ಪೆನ್ನಿನಲ್ಲಿ ತಿದ್ದುವ ಹಾಗೆ. ಮೂವತ್ತು ವರ್ಷ ಕೈಬರಹದ ಪುಸ್ತಕ ನೋಡಿದ ಗುಮಾಸ್ತರು ಇದನ್ನು ನೋಡಿ ಏನೂ ಕೇಳದೆ ಕೆಲಸ ಶುರು ಮಾಡಿದರು.

ಇನ್ನು ಮಕ್ಕಳು. ಇಲ್ಲಿ ಲೆಕ್ಕ ಪೂರ್ತಿ ತಿರುವುಮುರುವು. ಸಂಜೆ ನಮ್ಮ ಕಟ್ಟೆಯ ಮೇಲೆ ಫೋನ್ ಇಟ್ಟರೆ ಸಾಕು, ಕೈಗಳು ಬಂದು ಬೀಳುತ್ತವೆ. ಐದು ವರ್ಷದ ಹುಡುಗಿ ಫೋನನ್ನು ಎರಡೂ ಕೈಯಲ್ಲಿ ತಟ್ಟೆ ಹಿಡಿದ ಹಾಗೆ ಹಿಡಿಯುತ್ತಾಳೆ. ಎಡ ಹೆಬ್ಬೆರಳು ಪರದೆಯ ಅಂಚಿನ ಮೇಲೇ ಕೂತಿರುತ್ತದೆ. ಆಪ್ ಅದನ್ನೂ ಒಂದು ಸ್ಪರ್ಶ ಅಂತ ಲೆಕ್ಕಕ್ಕೆ ತೆಗೆದುಕೊಂಡರೆ ಬಲಗೈಯ ಬೆರಳು ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. ಮಗು ಮತ್ತೆ ಮತ್ತೆ ಒತ್ತುತ್ತದೆ, ಆಮೇಲೆ ಅಂಗೈಯಿಂದ ಬಡಿಯುತ್ತದೆ. ಅಂಚಿನ ಪಟ್ಟಿಯಲ್ಲಿ ಸ್ಪರ್ಶವನ್ನೇ ಲೆಕ್ಕಕ್ಕೆ ಇಡದಂತೆ ಮಾಡಿ ನೋಡಿ, ಅದೇ ಮಗು ಎಷ್ಟು ಜಾಣೆ ಅಂತ ಕಾಣುತ್ತದೆ. ಸಮಸ್ಯೆ ಮಗುವಿನ ಕೈಯಲ್ಲಿ ಇರಲೇ ಇಲ್ಲ.

ತಪ್ಪಿಗೆ ಅಂಜದವರಿಗೆ ಬೇಲಿ ಬೇಕು. ಆಪ್‌ನಿಂದ ಹೊರಗೆ ಹೋಗುವ ಕೊಂಡಿ, ಖರೀದಿ, ಜಾಹೀರಾತು ಯಾವುದೂ ಮಗುವಿನ ಬೆರಳಿಗೆ ಸಿಗಬಾರದು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದ ಎಲ್ಲರನ್ನೂ ಮಕ್ಕಳು ಅಂತಲೇ ಹೇಳುತ್ತದೆ. ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು, ಒಪ್ಪಿದವರು ಹೆತ್ತವರೇ ಅನ್ನುವುದನ್ನು ಪರಿಶೀಲಿಸಬೇಕು. ಮಕ್ಕಳ ನಡವಳಿಕೆಯ ಬೆನ್ನು ಹತ್ತಿ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವ ಹಾಗಿಲ್ಲ. ನಮಗೆ ಇದರಿಂದ ತೊಂದರೆ ಆಗಲಿಲ್ಲ. ಓದುವ ಆಪ್‌ಗೆ ಮಗುವಿನ ಹೆಸರು ಬೇಕಾಗಿಯೇ ಇಲ್ಲ. ಮಗು ಒಂದು ಪ್ರಾಣಿಯ ಚಿತ್ರ ಆರಿಸಿಕೊಳ್ಳುತ್ತದೆ, ಓದಿದ ಲೆಕ್ಕ ಫೋನಿನಲ್ಲೇ ಉಳಿಯುತ್ತದೆ.

ಆ ಚಿತ್ರದ ಯೋಚನೆ ನಮ್ಮ ಶಾಲೆಗಳಿಂದಲೇ ಬಂದದ್ದು. ಸರ್ಕಾರಿ ಶಾಲೆಯ ನಲಿ-ಕಲಿ ತರಗತಿ ನೋಡಿದವರಿಗೆ ಗೊತ್ತು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ. ಕಾರ್ಡಿನ ಮೇಲಿನ ಚಿಹ್ನೆ ನೋಡಿ ಮಗು ತನ್ನ ಮುಂದಿನ ಕಾರ್ಡನ್ನು ತಾನೇ ಹುಡುಕಿಕೊಳ್ಳುತ್ತದೆ. ಓದು ಪೂರ್ತಿ ಬರುವ ಮೊದಲೇ ದಾರಿ ಗೊತ್ತಾಗಿರುತ್ತದೆ. ಮೊಬೈಲ್‌ನಲ್ಲಿ ಮೆನು ಅನ್ನುವುದು ಅಷ್ಟೇ ಅಲ್ವಾ? ಹೊರದೇಶದ ಆಪ್‌ಗಳ ಮನೆಯ ಗುರುತು, ಮೂರು ಗೆರೆಯ ಗುರುತು ಇದನ್ನೆಲ್ಲ ಬಿಟ್ಟು ನಾವು ಏಣಿಯನ್ನೇ ಮೊದಲ ಪುಟ ಮಾಡಿದೆವು. ಮಕ್ಕಳಿಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ.

‘ಮಕ್ಕಳು’ ಅಂತ ಒಂದೇ ಗುಂಪು ಮಾಡುವುದೂ ಆಗದ ಮಾತು. ಐದು ವರ್ಷದ ಮಗುವಿಗೆ ಖುಷಿ ಕೊಟ್ಟ ಚಪ್ಪಾಳೆಯ ಸದ್ದು ಒಂಬತ್ತರ ಹುಡುಗನಿಗೆ ಅವಮಾನ. ‘ನಾನೇನ್ ಸಣ್ಣಾಂವೇನ್ರೀ ಅಕ್ಕಾ?’ ಅಂತ ಒಬ್ಬ ನೇರವಾಗಿ ಕೇಳಿದ. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಸ್ಕ್ರ್ಯಾಚ್ 8ರಿಂದ 16 ವರ್ಷದವರಿಗೆ. ಅದಕ್ಕಿಂತ ಸಣ್ಣವರಿಗೆ, 5ರಿಂದ 7ರವರಿಗೆ, ಸ್ಕ್ರ್ಯಾಚ್ ಜೂನಿಯರ್ ಅಂತ ಬೇರೆಯೇ ಮಾಡಿದ್ದಾರೆ, 2014ರಲ್ಲಿ. ಅದರಲ್ಲಿ ಆಜ್ಞೆಗಳ ಮೇಲೆ ಬರಹದ ಬದಲು ಚಿತ್ರಗಳಿವೆ. ಸಣ್ಣ ವಯಸ್ಸಿನಲ್ಲಿ ಎರಡು ವರ್ಷ ಅಂದರೆ ದೊಡ್ಡ ಅಂತರ. ದೊಡ್ಡವರಲ್ಲಿ ಇಪ್ಪತ್ತೈದಕ್ಕೂ ಮೂವತ್ತೈದಕ್ಕೂ ಅಷ್ಟು ವ್ಯತ್ಯಾಸ ನನಗೆ ಕಂಡಿಲ್ಲ.

ಪರೀಕ್ಷೆಗೆ ಎಷ್ಟು ಜನ ಬೇಕು ಅಂತ ಕೇಳುವವರಿದ್ದಾರೆ. ಬಳಕೆಯ ಸುಲಭತೆಯ ಬಗ್ಗೆ ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 2000ದಲ್ಲಿ ಬರೆದದ್ದನ್ನು ಈ ಕೆಲಸದವರು ಇವತ್ತಿಗೂ ಹೇಳುತ್ತಾರೆ: ಐದು ಜನರನ್ನು ಕೂರಿಸಿ ನೋಡಿದರೆ ಸುಮಾರು 85 ಪ್ರತಿಶತ ತೊಡಕುಗಳು ಕಾಣುತ್ತವೆ. ಒಬ್ಬರು ಸರಾಸರಿ 31 ಪ್ರತಿಶತ ತೊಡಕು ತೋರಿಸುತ್ತಾರೆ ಅನ್ನುವ ಲೆಕ್ಕದಿಂದ ಬಂದ ಮಾತದು. ಆದರೆ ಅದೇ ಬರಹದಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಎತ್ತುವುದಿಲ್ಲ. ಬಳಸುವವರು ಬೇರೆ ಬೇರೆ ಥರದವರಾದರೆ ಪ್ರತಿ ಗುಂಪಿನಿಂದಲೂ ಜನ ಬೇಕು. ಎರಡು ಗುಂಪಾದರೆ ಒಂದೊಂದರಿಂದ ಮೂರೋ ನಾಲ್ಕೋ ಜನ, ಅದಕ್ಕಿಂತ ಜಾಸ್ತಿ ಗುಂಪಾದರೆ ಮೂರು ಮೂರು ಜನ. ಆಫೀಸಿನ ಐದು ಹುಡುಗರನ್ನು ಕೂರಿಸಿ ‘ಪರೀಕ್ಷೆ ಆಯಿತು’ ಅನ್ನುವವರು ಒಂದೇ ವಯಸ್ಸನ್ನು ಐದು ಸಲ ನೋಡಿರುತ್ತಾರೆ.

ಅದಕ್ಕಿಂತ ಕಷ್ಟ ಅಂದರೆ ನಮ್ಮ ಜನರ ಒಳ್ಳೆಯತನ. ‘ಹೆಂಗದ ಆಪ್?’ ಅಂತ ಕೇಳಿದರೆ ಎಲ್ಲರೂ ‘ಭಾಳ ಚೊಲೋ ಅದ ಯವ್ವಾ’ ಅನ್ನುತ್ತಾರೆ. ಮನೆ ಮಗಳ ಹಾಗೆ ಬಂದು ಕೂತವಳ ಮನಸ್ಸು ಯಾಕೆ ನೋಯಿಸಬೇಕು ಅಂತ. ಮಕ್ಕಳೂ ಹಾಗೇ, ಚಾಕೊಲೇಟ್ ಕೊಡುವ ಅಕ್ಕನಿಗೆ ‘ಇಷ್ಟ ಆಯ್ತು’ ಅಂತಲೇ ಹೇಳುತ್ತಾರೆ. ಹಾಗಾಗಿ ನಾನು ಅಭಿಪ್ರಾಯ ಕೇಳುವುದಿಲ್ಲ, ಕೆಲಸ ಕೊಡುತ್ತೇನೆ. ಕೊಟ್ಟು ಸುಮ್ನೆ ಕೂರುತ್ತೇನೆ. ಕೈ ಎಲ್ಲಿ ನಿಂತಿತು, ಕಣ್ಣು ಎಲ್ಲಿ ಹುಡುಕಿತು, ಯಾವಾಗ ಪಕ್ಕದವರ ಮುಖ ನೋಡಿದರು ಅಂತ ಬರೆದುಕೊಳ್ಳುತ್ತೇನೆ. ಸಹಾಯ ಮಾಡಬೇಕು ಅಂತ ಬಾಯಿ ತುದಿಗೆ ಬರುತ್ತದೆ, ಮಾಡಬಾರದು. ಹಿರಿಯರಿಗೆ ಮೊದಲೇ ಹೇಳುತ್ತೇನೆ: ಇದು ನನ್ನ ಫೋನು, ಇದರಲ್ಲಿರುವುದು ಸುಳ್ಳು ಲೆಕ್ಕ, ಏನು ಒತ್ತಿದರೂ ಯಾರ ರೊಕ್ಕವೂ ಹೋಗುವುದಿಲ್ಲ. ಇಷ್ಟು ಹೇಳಿದರೆ ಭುಜ ಸಡಿಲವಾಗುವುದು ಕಾಣುತ್ತದೆ. ಮಕ್ಕಳನ್ನು ಇಬ್ಬಿಬ್ಬರನ್ನು ಜೊತೆಗೆ ಕೂರಿಸುತ್ತೇನೆ. ಒಬ್ಬರಿಗೊಬ್ಬರು ಹೇಳಿಕೊಳ್ಳುವುದರಲ್ಲೇ ನನಗೆ ಬೇಕಾದದ್ದೆಲ್ಲ ಸಿಗುತ್ತದೆ. ಹೆತ್ತವರು ಒಪ್ಪಿರಬೇಕು, ಎದುರಿಗೇ ಇರಬೇಕು. ಒಂದು ಪಾಠ ಮುಗಿಯುವಷ್ಟು ಹೊತ್ತು ಸಾಕು, ಆಮೇಲೆ ಅವರ ಗಮನ ಹಾರಿಹೋಗುತ್ತದೆ.

ವಯಸ್ಸಿನ ಗುಂಪು ಅಂತ ಕಾಗದದ ಮೇಲೆ ಬರೆಯುವವರು ಮರೆಯುವ ಸಂಗತಿ ಇನ್ನೊಂದಿದೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಫೋನು ಒಂದೇ. ಹಗಲು ಅಜ್ಜನ ಜೇಬಿನಲ್ಲಿ, ಸಂಜೆ ಮೊಮ್ಮಗನ ಆಟಕ್ಕೆ, ರಾತ್ರಿ ಸೊಸೆಯ ವಿಡಿಯೊ ಕಾಲ್‌ಗೆ. ಅಜ್ಜ ನೆನಪಿಟ್ಟುಕೊಂಡಿರುವುದು ಜಾಗವನ್ನು. ಎರಡನೇ ಸಾಲು, ಮೂರನೇ ಗುರುತು. ಮೊಮ್ಮಗ ಅದನ್ನು ಎಳೆದು ಬೇರೆ ಕಡೆ ಇಟ್ಟರೆ ಆಪ್ ಕಳೆದೇ ಹೋದ ಹಾಗೆ. ಇದನ್ನು ನಾವು ತಡೆಯಲು ಆಗುವುದಿಲ್ಲ. ಆದರೆ ಆಪ್‌ನ ಒಳಗೆ ಯಾವುದೂ ಜಾಗ ಬಿಟ್ಟು ಕದಲಬಾರದು. ತೆರೆದಾಗಲೆಲ್ಲ ಅದೇ ಮೊದಲ ಪುಟ. ಹೊಸ ಆವೃತ್ತಿ ಬಂತು ಅಂತ ಬಟನ್‌ಗಳನ್ನು ಅತ್ತಿಂದಿತ್ತ ಮಾಡುವುದನ್ನು ನಾನು ಕಟ್ಟುನಿಟ್ಟಾಗಿ ವಿರೋಧಿಸುತ್ತೇನೆ. ಹೊಸದು ಬೇಕಾದರೆ ಕೊನೆಯಲ್ಲಿ ಸೇರಲಿ.

ಇನ್ನೂ ಬಿಡಿಸಲಾಗದ ಗಂಟು ಲಾಗಿನ್. ಒಟಿಪಿ ಬರುತ್ತದೆ, ಅದನ್ನು ನೋಡಲು ಆಪ್‌ನಿಂದ ಹೊರಗೆ ಹೋಗಬೇಕು, ನೆನಪಿಟ್ಟು ವಾಪಸು ಬರಬೇಕು, ಅಷ್ಟರಲ್ಲಿ ಸಮಯ ಮುಗಿದಿರುತ್ತದೆ. ಮೇಲಾಗಿ ‘ಒಟಿಪಿ ಯಾರಿಗೂ ಕೊಡಬ್ಯಾಡ್ರಿ’ ಅಂತ ಎಲ್ಲರೂ ಹೇಳಿರುವಾಗ ಆಪ್‌ಗೆ ಯಾಕೆ ಕೊಡಬೇಕು ಅಂತ ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸಂದೇಶದಿಂದ ಅಂಕಿಯನ್ನು ಆಪ್ ತಾನೇ ಓದಿಕೊಳ್ಳುವ ವ್ಯವಸ್ಥೆ ಆಂಡ್ರಾಯ್ಡ್‌ನಲ್ಲಿದೆ, ಒಂದು ನಮೂನೆ ಹಾಗೆ ಮಾಡಿದ್ದೇವೆ. ಇನ್ನೊಂದು ನಮೂನೆಯಲ್ಲಿ ಅಂಗಡಿಯ ಗುಮಾಸ್ತರೇ ಎದುರಿಗೆ ಕೂತು ಒಂದು ಸಲ ಕ್ಯೂಆರ್ ತೋರಿಸಿ ಫೋನನ್ನು ಸೇರಿಸಿಕೊಡುತ್ತಾರೆ. ನನಗೆ ಎರಡನೆಯದರ ಮೇಲೆ ನಂಬಿಕೆ ಜಾಸ್ತಿ, ಯಾಕೆಂದರೆ ಅಲ್ಲಿ ಗುರುತಿನ ಮುಖ ಇದೆ. ಡಿಸೆಂಬರಿನಲ್ಲಿ ಹೊಸ ತೊಗರಿ ಬರಲು ಶುರುವಾದಾಗ ಎರಡನ್ನೂ ಗಂಜ್‌ಗೆ ಒಯ್ಯುತ್ತೇವೆ.

ಅದರ ಜೊತೆಗೇ ಉರ್ದು ಆವೃತ್ತಿಯ ಕೆಲಸವೂ ನಡೆದಿದೆ. ಬಲದಿಂದ ಎಡಕ್ಕೆ ಓದುವವರಿಗೆ ಪುಟವನ್ನೇ ಕನ್ನಡಿಯಂತೆ ತಿರುಗಿಸಬೇಕು, ಅಂಕಿಗಳನ್ನು ಮಾತ್ರ ತಿರುಗಿಸಬಾರದು. ‘ಹಿಂದೆ’ ಬಟನ್ ಯಾವ ಕಡೆ ಇದ್ದರೆ ಅವರ ಕೈಗೆ ಸಹಜ ಅನ್ನುವುದನ್ನು ಕೂತು ನೋಡಬೇಕಿದೆ. ಕಲಬುರಗಿ, ಆಳಂದ, ಚಿತ್ತಾಪುರದ ಕಡೆ ಉರ್ದು ಓದುವ, ಅರವತ್ತು ದಾಟಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ನಾನೇ ಮನೆಗೆ ಬರುತ್ತೇನೆ, ಅರ್ಧ ಗಂಟೆ ಸಾಕು. ಅವರ ಫೋನಿಗೆ ಏನೂ ಹಾಕುವುದಿಲ್ಲ, ನನ್ನ ಫೋನಿನಲ್ಲೇ ನೋಡಿದರಾಯಿತು.